ಹರಿಗೋಲಿನ ಕೆಳಗೆ ಒಂದು ನಿದ್ದೆ

ಒಂದು ಕೆರೆ ಇತ್ತು. ಕೆರೆಯ ಪಕ್ಕದಲ್ಲಿ ಬಂಡೆಗಲ್ಲಿನ ಗುಡ್ಡ. ಎರಡರ ನಡುವೆ ಒಂದು ಕ್ರೈಸ್ತ ಕ್ಯಾಂಪ್. ಅದರ ಗೇಟಿನ ಮೇಲೆ 'ದಣಿದು ಬಂದವರಿಗೆ ಸ್ವಾಗತ' ಅಂತ ನೀಲಿ ಬಣ್ಣದಲ್ಲಿ ದೊಡ್ಡದಾಗಿ ಬರೆಸಿದ್ದರು. ಒಳಗೆ ಕರೆದುಕೊಂಡು ಹೋಗಿ ಇನ್ನಷ್ಟು ದಣಿಸುತ್ತಿದ್ದರು, ಅದು ಬೇರೆ ಮಾತು.

ಅಲ್ಲಿ ವರ್ಷವಿಡೀ ಆಟ. ಬೇಸಿಗೆ ರಜೆಯಲ್ಲಿ ನಿಮ್ಮ ಹಾಗೆ ಸಂಡೇ ಸ್ಕೂಲ್ ಮಕ್ಕಳು ಬಂದು ಕೆರೆಯಲ್ಲಿ ಈಜುತ್ತಿದ್ದರು. ಮಳೆಗಾಲದಲ್ಲಿ ಯುವಕ ಸಂಘದವರು ಕೆಸರಿನಲ್ಲಿ ಫುಟ್ಬಾಲ್ ಆಡಿ, ಯಾರು ಯಾರೆಂದು ಗುರುತೇ ಸಿಗದ ಹಾಗೆ ಆಗುತ್ತಿದ್ದರು. ಕ್ರಿಸ್ಮಸ್ ಗಲಾಟೆ ಮುಗಿದ ಮೇಲೆ ಮಹಿಳಾ ಸಂಘದ ಸರದಿ. ಪಾಪ, ಸಭೆಯ ಅಯ್ಯನವರುಗಳನ್ನೂ, ಅಂದರೆ ಪಾದ್ರಿಗಳನ್ನೂ, ಬಿಡುತ್ತಿರಲಿಲ್ಲ. ಅವರಿಗೂ ಗುಡ್ಡ ಹತ್ತಿಸುತ್ತಿದ್ದರು.

ಇದನ್ನೆಲ್ಲಾ ನಡೆಸುತ್ತಿದ್ದವರು ಗಿಡಿಯನ್ ಸರ್. ಕತ್ತಿನಲ್ಲಿ ಸದಾ ಒಂದು ಸೀಟಿ. ಅವರೇನೂ ಕೆಟ್ಟವರಲ್ಲ. ಬಂದವರು ಸುಮ್ಮನೆ ಕೂತರೆ ಅವರಿಗೆ ಕೈಕಾಲು ಆಡುತ್ತಿರಲಿಲ್ಲ, ಅಷ್ಟೇ. 'ಅಷ್ಟು ದೂರದಿಂದ ಬಂದಿದ್ದಾರೆ, ಬೇಜಾರಾದರೆ ಏನು ಮಾಡೋದು?' ಅನ್ನುವ ಒಂದೇ ಚಿಂತೆ. ತಾವೂ ಕೂರುತ್ತಿರಲಿಲ್ಲ. ಊಟವನ್ನೂ ತಟ್ಟೆ ಹಿಡಿದು ನಿಂತೇ ಮಾಡುತ್ತಿದ್ದರು.

ಹಿಂದಿನ ಬೆಂಚಿನವರೇ, ಪಿಸುಪಿಸು ಸಾಕು. ಬೆಳಗ್ಗೆಯಿಂದ ನಿಂತು ನನಗೂ ಕಾಲು ನೋಯುತ್ತಿದೆ. ಕೇಳುವ ಹಾಗಿದ್ದರೆ ಹೇಳುತ್ತೇನೆ.

ಆ ವರ್ಷ ಮಹಿಳಾ ಸಂಘದ ಜೊತೆ ಸುವಾರ್ತಮ್ಮ ಅಂತ ಒಬ್ಬರು ಬಂದರು. ಗಂಡ ತೀರಿಕೊಂಡಿದ್ದರು. ಹಾಸಿಗೆ ಹಿಡಿದ ಅತ್ತೆಯನ್ನು ಎಷ್ಟೋ ವರ್ಷಗಳಿಂದ ಒಬ್ಬರೇ ನೋಡಿಕೊಳ್ಳುತ್ತಿದ್ದರು. ಎತ್ತಿ ಕೂರಿಸಬೇಕು, ಒರೆಸಬೇಕು, ಗಂಜಿ ಕುಡಿಸಬೇಕು. ರಾತ್ರಿ ಅತ್ತೆ ಕೂಗಿದಾಗೆಲ್ಲಾ ಏಳಬೇಕು. ನಿದ್ದೆ ಅನ್ನುವುದು ತುಂಡು ತುಂಡಾಗಿ ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ.

ಒಂದು ದಿನ ಬೆಳಗ್ಗೆ ಕುಡಿಸಿದ ಗಂಜಿಯನ್ನು ಅತ್ತೆ ಥೂ ಅಂತ ಉಗುಳಿದರು. ಸೀರೆಯ ಮೇಲೆಲ್ಲಾ ಗಂಜಿ. ಸುವಾರ್ತಮ್ಮನ ಕೈ ಹೊಡೆಯುವುದಕ್ಕೆ ಎದ್ದೇಬಿಟ್ಟಿತು. ಅತ್ತೆ ಕಣ್ಣು ಮುಚ್ಚಿ ಮುಖ ಗೋಡೆಯ ಕಡೆ ತಿರುಗಿಸಿಕೊಂಡರು. ಆ ಮುಚ್ಚಿದ ಕಣ್ಣು ಸುವಾರ್ತಮ್ಮನಿಗೆ ಕಂಡಿತು. ಕೈಯೇನೋ ಇಳಿಯಿತು. ಆದರೆ ಅವತ್ತೇ ನಾದಿನಿಗೆ ಫೋನ್ ಮಾಡಿ ಅತ್ತುಬಿಟ್ಟರು.

"ಸುಜಯಾ, ನನಗೆ ಭಯ ಆಗ್ತಿದೆ ಕಣಮ್ಮ. ಯಾವತ್ತಾದರೂ ಒಂದಿನ ನಾನು ಅತ್ತೇನ ಹೊಡೆದುಬಿಡ್ತೀನಿ."

ನಾದಿನಿ ಮರುದಿನವೇ ಬಂದಳು. "ಅತ್ತಿಗೆ, ಅಮ್ಮನ್ನ ಮೂರು ದಿನ ನಾನು ನೋಡ್ಕೋತೀನಿ. ಸಂಘದವರು ಕ್ಯಾಂಪಿಗೆ ಹೊರಟಿದ್ದಾರೆ. ಹೋಗಿ ಚೆನ್ನಾಗಿ ಮಲಗಿ ಎದ್ದು ಬನ್ನಿ," ಅಂತ ಬಸ್ಸು ಹತ್ತಿಸಿದಳು.

ಬಸ್ಸಿನಿಂದ ಇಳಿದವರೇ ಸುವಾರ್ತಮ್ಮ ಗಿಡಿಯನ್ ಸರ್ ಹತ್ತಿರ ಹೋದರು. "ವಂದನೆ ಸರ್. ನಾನು ಆಟಕ್ಕೆಲ್ಲಾ ಬರಲ್ಲ. ಎಲ್ಲಾದರೂ ಒಂದು ಮೂಲೇಲಿ ಮಲಗಿಕೊಳ್ಳಲಾ?"

ಗಿಡಿಯನ್ ಸರ್ ಜೋರಾಗಿ ನಕ್ಕರು. "ಮಲಗೋದಕ್ಕೆ ಇಲ್ಲಿ ತನಕ ಬರಬೇಕಾ ಸಿಸ್ಟರ್? ಮನೇಲೇ ಮಲಗಬಹುದಿತ್ತಲ್ಲ! ಬನ್ನಿ ಬನ್ನಿ, ನೀವು ಹಳದಿ ತಂಡ."

ಮನೆಯಲ್ಲಿ ಮಲಗುವ ಹಾಗಿದ್ದಿದ್ದರೆ ಆ ಯಮ್ಮ ಯಾಕೆ ಬರುತ್ತಿದ್ದರು? ಅದನ್ನು ಕೇಳುವಷ್ಟು ವ್ಯವಧಾನ ಸರ್‌ಗೆ ಇರಲಿಲ್ಲ. ಅಷ್ಟರಲ್ಲಿ ಸೀಟಿ ಊದಿಯಾಗಿತ್ತು.

ನಿಂಬೆಹಣ್ಣು ಚಮಚದ ಓಟ ಆಯಿತು. ಹಗ್ಗ ಜಗ್ಗಾಟ ಆಯಿತು. ಹರಿಗೋಲಿನಲ್ಲಿ ಕೂರಿಸಿ ಕೆರೆಯೆಲ್ಲಾ ಸುತ್ತಿಸಿದರು. ಬೆಳಕು ಹರಿಯುವ ಮುಂಚೆ ಎಬ್ಬಿಸಿ ಗುಡ್ಡ ಹತ್ತಿಸಿದರು. ಒಬ್ಬರು ಕಡಿಮೆಯಾದರೂ ತಂಡಕ್ಕೆ ಅಂಕ ಹೋಗುತ್ತದೆ ಅನ್ನುವುದು ಅಲ್ಲಿನ ನಿಯಮ. ಹಾಗಾಗಿ ಹಳದಿ ತಂಡದವರು ಸುವಾರ್ತಮ್ಮನ ಕೈ ಹಿಡಿದು ಎಳೆದುಕೊಂಡೇ ಹೋಗುತ್ತಿದ್ದರು. ರಾತ್ರಿ ಬೆಂಕಿಯ ಸುತ್ತ ಕೂತು ಹಾಡು, ಚಪ್ಪಾಳೆ. ಆಮೇಲೆ ಎಲ್ಲರೂ ಒಟ್ಟಿಗೆ ಮಲಗುವ ದೊಡ್ಡ ಹಾಲಿನಲ್ಲಿ ಹೆಂಗಸರ ಮಾತೋ ಮಾತು.

ಮ್ಯೂಸಿಕಲ್ ಚೇರ್ ಆಟದಲ್ಲಂತೂ ಸುವಾರ್ತಮ್ಮ ಒಂದು ಕುರ್ಚಿ ಹಿಡಿದು ಕೂತವರು ಏಳಲೇ ಇಲ್ಲ.

"ಸಿಸ್ಟರ್, ಹಾಡು ಶುರುವಾಯ್ತು, ಏಳಿ!"

"ಕುರ್ಚಿ ಸಿಕ್ಕಿದೆಯಲ್ಲ ಸರ್, ಮತ್ತೆ ಯಾಕೆ ಏಳಬೇಕು?"

ಎಲ್ಲರೂ ಬಿದ್ದು ಬಿದ್ದು ನಕ್ಕರು. ನಗಿಸುವುದಕ್ಕೆ ಹೇಳಿದ ಮಾತಾಗಿರಲಿಲ್ಲ ಅದು. ಸುವಾರ್ತಮ್ಮ ಮೆಲ್ಲಗೆ ಎದ್ದು ಪಕ್ಕಕ್ಕೆ ನಿಂತರು. ನಾಳಿದ್ದು ಮನೆಗೆ ಹೋದರೆ ಮತ್ತೆ ಅದೇ ಗಂಜಿ, ಅದೇ ಕೈ ಅನ್ನುವುದು ಅವರ ತಲೆಯಲ್ಲಿ ಕೊರೆಯುತ್ತಲೇ ಇತ್ತು.

ಹೊರಡುವ ಹಿಂದಿನ ದಿನ ಮಧ್ಯಾಹ್ನ ಗಿಡಿಯನ್ ಸರ್ ಕಣ್ಣಾಮುಚ್ಚಾಲೆ ಇಟ್ಟರು. "ಕ್ಯಾಂಪಿನೊಳಗೆ ಎಲ್ಲಿ ಬೇಕಾದರೂ ಅಡಗಿಕೊಳ್ಳಿ, ಹುಡುಕುವವನು ನಾನು!" ಅಂದರು. ಸೊಸೆ ಕಂಡವರೂ ಮೊಮ್ಮಕ್ಕಳನ್ನು ಎತ್ತಿದವರೂ ಸೆರಗು ಸಿಕ್ಕಿಸಿಕೊಂಡು ಕಿಸಕಿಸ ನಗುತ್ತಾ ಓಡಿದರು. ಒಬ್ಬರು ನೀರಿನ ಡ್ರಮ್ಮಿನ ಹಿಂದೆ, ಇಬ್ಬರು ಅಡುಗೆಮನೆಯ ಬಾಗಿಲ ಹಿಂದೆ.

ಸುವಾರ್ತಮ್ಮ ಕೆರೆಯ ಕಡೆ ನಡೆದರು. ದಂಡೆಯಲ್ಲಿ ಹೊಂಗೆ ಮರದ ನೆರಳಿನಲ್ಲಿ ಒಂದು ಹರಿಗೋಲನ್ನು ಬೋರಲು ಹಾಕಿದ್ದರು. ದೊಡ್ಡ ಬಿದಿರು ಬುಟ್ಟಿಯನ್ನು ಕವುಚಿಟ್ಟ ಹಾಗೆ. ಮಲಗುವ ಮುಂಚೆ ಕಾಲು ತೊಳೆಯುವುದು ಅವರ ರೂಢಿ. ನೀರಿನ ಅಂಚಿನಲ್ಲಿ ಚಪ್ಪಲಿ ಬಿಟ್ಟು, ಕಾಲು ತೊಳೆದು, ಬರಿಗಾಲಲ್ಲಿ ಬಂದು ಹರಿಗೋಲಿನ ಅಂಚು ಎತ್ತಿ ಒಳಗೆ ನುಸುಳಿದರು. ಒಳಗೆ ಮಬ್ಬುಗತ್ತಲೆ, ತಣ್ಣನೆಯ ಮರಳು. ಯಾರೂ 'ಸುವಾರ್ತಾ' ಅಂತ ಕೂಗಲಿಲ್ಲ, ಯಾರೂ 'ಸಿಸ್ಟರ್' ಅಂತ ಕರೆಯಲಿಲ್ಲ. ಕೈಯನ್ನೇ ದಿಂಬು ಮಾಡಿಕೊಂಡು ಕಣ್ಣು ಮುಚ್ಚಿದರು.

ಗಿಡಿಯನ್ ಸರ್ ಒಬ್ಬೊಬ್ಬರನ್ನೇ ಹುಡುಕಿ ಹಿಡಿದರು. ಸುವಾರ್ತಮ್ಮ ಮಾತ್ರ ಸಿಗಲಿಲ್ಲ. ಆಟ ಮುಗಿಯಿತು ಅಂತ ಸೀಟಿ ಊದಿದರು, ಬರಲಿಲ್ಲ. ಹೆಸರು ಹಿಡಿದು ಕೂಗಿದರು, ಉತ್ತರವಿಲ್ಲ. ಹೆಂಗಸರ ನಗು ನಿಂತಿತು. ಕೆಲವರು ಗುಡ್ಡದ ಕಡೆ ಹುಡುಕಲು ಓಡಿದರು, ಸರ್ ಕೆರೆಯ ಕಡೆ ಓಡಿದರು.

ನೀರಿನ ಅಂಚಿನಲ್ಲಿ ಒಂದು ಜೊತೆ ಚಪ್ಪಲಿ. ಮುಂದೆ ಬರೀ ನೀರು.

ಸರ್‌ಗೆ ಅದು ಯಾರ ಚಪ್ಪಲಿ ಅಂತ ಗೊತ್ತಾಯಿತು. 'ಮಲಗಿಕೊಳ್ಳಲಾ ಸರ್' ಅಂತ ಕೇಳಿದ್ದು ನೆನಪಾಯಿತು. ತಾನು ನಕ್ಕಿದ್ದೂ ನೆನಪಾಯಿತು. "ಅಯ್ಯೋ ದೇವರೇ, ಕೇಳಿದ್ದು ಒಂದೇ ಒಂದು, ಅದನ್ನೂ ಕೊಡಲಿಲ್ಲವಲ್ಲ ನಾನು!" ಅಂತ ತಲೆ ಮೇಲೆ ಕೈಯಿಟ್ಟು, ಚಪ್ಪಲಿಯ ಪಕ್ಕ ಕುಸಿದು ಕೂತರು.

ಆಗ ಬೆನ್ನ ಹಿಂದೆ ಗೊರಕೆ ಕೇಳಿಸಿತು.

ಸರ್ ಓಡಿ ಹೋಗಿ ಹರಿಗೋಲಿನ ಅಂಚು ಎತ್ತಿದರು. ಸುವಾರ್ತಮ್ಮ ಬಾಯಿ ತೆರೆದು ಮಲಗಿದ್ದರು. ಕೆನ್ನೆಗೆ ಮರಳು ಮೆತ್ತಿತ್ತು. ಸರ್‌ಗೆ ಹೋದ ಜೀವ ಬಂದಿತು. ಜೊತೆಗೆ ಸಿಟ್ಟೂ ಬಂದಿತು, ಸುಳ್ಳು ಯಾಕೆ ಹೇಳಲಿ. ಊರೆಲ್ಲಾ ಹುಡುಕುತ್ತಿದ್ದರೆ ಇಲ್ಲಿ ಗೊರಕೆ! ಎಬ್ಬಿಸೋಣ ಅಂತ ಸೀಟಿಯನ್ನು ಬಾಯಿಗಿಟ್ಟರು.

ಇಟ್ಟವರು ಊದಲಿಲ್ಲ. ಮಲಗಿದ್ದ ಆ ಮುಖ ನೋಡುತ್ತಾ ನಿಂತರು. ಬಂದ ದಿನದಿಂದ ಗಂಟು ಬಿದ್ದಿದ್ದ ಹುಬ್ಬು ಈಗ ಸಡಿಲವಾಗಿತ್ತು. ಸೀಟಿಯನ್ನು ಕತ್ತಿನಿಂದ ತೆಗೆದು ಜೇಬಿಗೆ ಹಾಕಿಕೊಂಡರು. ಗಾಳಿಯಾಡಲಿ ಅಂತ ಹರಿಗೋಲಿನ ಅಂಚಿಗೆ ಒಂದು ಕಲ್ಲು ಕೊಟ್ಟು, ಪಕ್ಕದಲ್ಲೇ ಮರಕ್ಕೆ ಒರಗಿ ಕೂತರು.

ಹೆಂಗಸರು ಓಡಿಬಂದರು. "ಸಿಕ್ಕಿದ್ರಾ ಸರ್?"

ಸರ್ ತುಟಿಯ ಮೇಲೆ ಬೆರಳಿಟ್ಟರು. "ಇದ್ದಾರೆ. ಮಲಗಿದ್ದಾರೆ. ಗಲಾಟೆ ಮಾಡಬೇಡಿ."

"ಮತ್ತೆ ಬಹುಮಾನ ಕೊಡೋದು? ಹಗ್ಗ ಹಿಡಿದು ಬಂಡೆ ಹತ್ತೋದು ಬಾಕಿ ಇದೆಯಲ್ಲ?"

"ಬಂಡೆ ಎಲ್ಲಿಗೂ ಹೋಗಲ್ಲಮ್ಮ. ನೀವೂ ಸ್ವಲ್ಪ ಕೂತ್ಕೊಳ್ಳಿ."

ಹೆಂಗಸರು ಮುಖ ಮುಖ ನೋಡಿಕೊಂಡರು. ಒಬ್ಬರು ಕೂತರು, ಇನ್ನೊಬ್ಬರು ಅವರ ತೊಡೆಯ ಮೇಲೆ ತಲೆಯಿಟ್ಟರು. ಸ್ವಲ್ಪ ಹೊತ್ತಿಗೆ ದಂಡೆಯ ತುಂಬಾ ಮಲಗಿದವರೇ. ನಿಜವಾಗಿ ಎಲ್ಲರಿಗೂ ಅಷ್ಟು ಸುಸ್ತಾಗಿತ್ತು, ಬಾಯಿ ಬಿಟ್ಟು ಹೇಳಿರಲಿಲ್ಲ, ಅಷ್ಟೇ. ಮರಕ್ಕೆ ಒರಗಿದ್ದ ಗಿಡಿಯನ್ ಸರ್ ಕೂಡ ತೂಕಡಿಸಿದರು. ಟೀ ಗಂಟೆ ಹೊಡೆಯುವವರಿಲ್ಲದೆ ಟೀ ಆರಿಹೋಯಿತು.

ಹೊತ್ತು ಇಳಿಯುವಾಗ ಸುವಾರ್ತಮ್ಮ ಎದ್ದು, ಗಾಬರಿಯಿಂದ ಹೊರಗೆ ಬಂದರು. "ತಪ್ಪಾಯ್ತು ಸರ್, ಆಟ ಕೆಡಿಸಿಬಿಟ್ಟೆ."

"ತಪ್ಪು ನಿಮ್ಮದಲ್ಲ ಸಿಸ್ಟರ್. ನೀವು ಬಂದ ದಿನ ಕೇಳಿದ್ದು ಒಂದು ಚಾಪೆ. ನಾನು ಕೊಟ್ಟಿದ್ದು ಚಮಚ, ನಿಂಬೆಹಣ್ಣು." ಸರ್ ಎದ್ದು ಅವರ ಚಪ್ಪಲಿ ತಂದು ಮುಂದಿಟ್ಟರು. "ಹೋಗಿ, ರಾತ್ರಿ ಊಟ ಮಾಡಿ ಮತ್ತೆ ಮಲಗಿ. ನಿಮಗೆ ಬೇರೆ ಒಂದು ರೂಮು ಕೊಡಿಸ್ತೀನಿ, ಅದರ ಹತ್ತಿರ ಯಾರೂ ಬರದ ಹಾಗೆ ನಾನು ನೋಡ್ಕೋತೀನಿ."

ಅಲ್ಲಿಂದ ಮುಂದೆ ಆ ಕ್ಯಾಂಪಿನಲ್ಲಿ ಆಟ ನಿಲ್ಲಲಿಲ್ಲ. ಕೆಸರಿನ ಫುಟ್ಬಾಲೂ ಇದೆ, ಹರಿಗೋಲೂ ಇದೆ. ಆದರೆ ಬಂದವರನ್ನು ಗಿಡಿಯನ್ ಸರ್ ಮೊದಲು ಕೇಳುತ್ತಾರೆ, "ಆಡ್ತೀರಾ, ಮಲಗ್ತೀರಾ?" ಅಂತ. ಹೊಂಗೆ ಮರದ ಕೆಳಗೆ ಚಾಪೆಗಳು ಬಂದಿವೆ.

ಸುವಾರ್ತಮ್ಮ ಮರುದಿನ ಮನೆಗೆ ಹೋದರು. ನಾದಿನಿ ತನ್ನೂರಿನ ಬಸ್ಸು ಹಿಡಿದಳು. ಸಂಜೆ ಗಂಜಿ ಕುಡಿಸುವಾಗ ಅತ್ತೆ ಎರಡು ಚಮಚ ನುಂಗಿ, ಮೂರನೆಯದನ್ನು ಥೂ ಅಂತ ಉಗುಳಿದರು. ಮತ್ತೆ ಸೀರೆಯ ಮೇಲೆಲ್ಲಾ ಗಂಜಿ. ಸುವಾರ್ತಮ್ಮನ ಕೈ ಎದ್ದಿತು. ಅತ್ತೆ ಕಣ್ಣು ಮುಚ್ಚಿ ಗೋಡೆಯ ಕಡೆ ತಿರುಗಿದರು.

ಆ ಕೈ ಅತ್ತೆಯ ಹಣೆಯ ಮೇಲಿದ್ದ ಬಿಳಿಕೂದಲನ್ನು ಹಿಂದಕ್ಕೆ ಸರಿಸಿತು. ಆಮೇಲೆ ಸೆರಗಿನಿಂದ ಬಾಯಿ ಒರೆಸಿತು.

"ಬೇಡ್ವಾ ಅತ್ತೆ? ಸರಿ ಬಿಡಿ, ಆಮೇಲೆ ಕುಡಿಯೋಣ."

ಅತ್ತೆ ಒಂದು ಕಣ್ಣು ತೆರೆದು ನೋಡಿದರು. "ಹೊಡೆಯಲ್ವೇನೇ?"

"ಇಲ್ಲ ಅತ್ತೆ," ಅಂದರು ಸುವಾರ್ತಮ್ಮ. "ನಿದ್ದೆ ಮಾಡಿ ಬಂದಿದೀನಿ."

ನೀತಿ: ದಣಿದ ಕೈಗೆ ಒಳ್ಳೆಯತನ ಕಷ್ಟ. ದಣಿದು ಬಂದವರಿಗೆ ನಮಗೆ ತೋಚಿದ್ದನ್ನು ಕೊಡಬಾರದು, ಅವರಿಗೆ ಏನು ಬೇಕೆಂದು ಕೇಳಿ ಅದನ್ನು ಕೊಡಬೇಕು. ಮಕ್ಕಳೇ, ಮನೆಗೆ ಹೋದ ಮೇಲೆ ನಿಮ್ಮ ಅಮ್ಮಂದಿರನ್ನೂ ಒಮ್ಮೆ ಕೇಳಿ ನೋಡಿ. ಈಗ ಗಲಾಟೆ ಮಾಡದೆ ಹೊರಡಿ, ನಾನೂ ಸ್ವಲ್ಪ ಕೂರುತ್ತೇನೆ.