ಸರಪಳಿಗೆ ಸೇರದ ಕಣ

ಯಕೃತ್ತಿನಲ್ಲಿ ಕೊಬ್ಬಿನ ಸರಪಳಿ ಹೆಣೆಯುವ ಕೆಲಸ ನಡೆದಿತ್ತು. ಕಾರ್ಬಾಕ್ಸಿಲೇಸ್ ಎಂಬ ಮುದಿ ಕಿಣ್ವ, ಉಸಿರಾಗಿ ಹೊರಟಿದ್ದ ಇಂಗಾಲದ ಡೈಆಕ್ಸೈಡಿನ ಕಣವೊಂದನ್ನು ಕೈಹಿಡಿದು ತಂದು, ಅಸಿಟೈಲ್ ಎಂಬ ಪುಟ್ಟ ಕೊಂಡಿಗೆ ಅಂಟಿಸಿತು.

"ಇನ್ನು ನಾನೂ ಈ ಮನೆಯವನೇ ತಾನೆ, ಅಜ್ಜಾ?" ಎಂದು ಕಣ ಹಿಗ್ಗಿತು.

ಹಾಗೆ ಕೇಳಿದವರ ಲೆಕ್ಕ ಕಿಣ್ವಕ್ಕೆ ಎಂದೋ ತಪ್ಪಿಹೋಗಿತ್ತು. ಅದು ಕೊಂಡಿಯನ್ನು ಸರಪಳಿಯತ್ತ ಸಾಗಿಸಿತು.

ಕೊಂಡಿ ಸರಪಳಿಗೆ ಕೂಡಿಕೊಂಡ ಗಳಿಗೆಯಲ್ಲೇ ಕಣ ಕಳಚಿ ಹೊರಗೆ ಬಿತ್ತು. ಓಡೋಡಿ ಬಂದು, "ಹಿಡಿತ ತಪ್ಪಿತು, ಅಜ್ಜಾ. ಮತ್ತೆ ಅಂಟಿಸು. ಈ ಸಲ ಬಿಡುವುದಿಲ್ಲ" ಎಂದಿತು.

ನೀನು ಕಳಚಿಕೊಳ್ಳುವ ರಭಸದಿಂದಲೇ ಕೊಂಡಿ ಕೂಡುವುದು ಎಂದು ಹೇಳಲು ಕಿಣ್ವಕ್ಕೆ ಬಾಯಿ ಬರಲಿಲ್ಲ. ಮುಂದಿನ ಕೊಂಡಿ ಆಗಲೇ ಬಂದು ನಿಂತಿತ್ತು.

"ಬಾ ಮಗಾ" ಎಂದು ಕಿಣ್ವ ಕೈ ಚಾಚಿತು.

ಕಣ ಆ ಕೈಯನ್ನು ಮೊದಲಿಗಿಂತ ಬಿಗಿಯಾಗಿ ಹಿಡಿಯಿತು.