ಅಂಗೈ ಮೇಲಾಗಿ ಕಟ್ಟಿದ ಕೈ

“ಗುರುಗಳೇ, ಕೋಪವನ್ನು ಗೆಲ್ಲಬೇಕೆಂದು ನಮಗೆ ಕಲಿಸಿದವರು ನೀವು. ಹಾಗಿದ್ದರೆ ಅಡವೀಶನ ಮೇಲೆ ಇಷ್ಟು ಕೋಪವೇಕೆ?”

ಕೇಳಿದವನು ಮಠದ ಪಾಠಶಾಲೆಯ ಹಿರಿಯ ಶಿಷ್ಯ ನಿರ್ವಾಣಯ್ಯ. ಅಡವೀಶ ಅವನ ಸಹಪಾಠಿ. ಆರು ವರ್ಷ ಮಂತ್ರಪಾಠ ಓದಿದವನು. ಮುಂದಿನ ತಿಂಗಳು ಬೇರೊಂದು ಊರಿಗೆ ಅಧ್ಯಾಪಕನಾಗಿ ಹೊರಡಬೇಕಿದ್ದವನು. ಹಿಂದಿನ ದಿನ ಗುರುಗಳು ಅವನೊಬ್ಬನನ್ನೇ ಎದುರಿಗೆ ಕೂರಿಸಿ ಓದಿಸಿದ್ದರು. ಹದಿನೇಳು ಕಡೆ ಸ್ವರ ತಪ್ಪಿತ್ತು. ಗುರುಗಳು ಅವನ ಪ್ರಯಾಣವನ್ನು ನಿಲ್ಲಿಸಿ, ಹೊಸದಾಗಿ ಸೇರಿದವರ ಸಾಲಿನಲ್ಲಿ ಮೊದಲ ಪಾಠಕ್ಕೆ ಕೂರಿಸಿದ್ದರು.

“ತಪ್ಪಿದ ಕಡೆಗಳನ್ನಷ್ಟೇ ತಿದ್ದಬಹುದಿತ್ತು. ನೀವು ಆರು ವರ್ಷದ ಓದನ್ನೇ ಮುರಿದಿರಿ. ನಿನ್ನೆಯಿಂದ ಅವನು ಅನ್ನ ಮುಟ್ಟಿಲ್ಲ” ಎಂದ ನಿರ್ವಾಣಯ್ಯ.

“ಕುಳಿತುಕೋ. ಬೆನ್ನು ನೆಟ್ಟಗಿರಲಿ” ಎಂದರು ಗುರುಗಳು. ಆಮೇಲೆ ಹೇಳತೊಡಗಿದರು.

ಒಬ್ಬ ಕಂಚುಗಾರನಿದ್ದ. ದೇವಸ್ಥಾನದ ಗಂಟೆಗಳನ್ನು ಎರಕ ಹೊಯ್ಯುವುದು ಅವನ ಕಸುಬು. ಕರಗಿದ ಕಂಚು ತುಂಬಿದ ಮೂಸೆಯನ್ನು ಇಕ್ಕಳದಲ್ಲಿ ಹಿಡಿದು ಅಚ್ಚಿನ ಬಾಯಿಗೆ ಬಾಗಿಸುವಾಗ ಅವನ ಬಲಗೈ ಇಕ್ಕಳದ ಮೇಲಿರುತ್ತಿತ್ತು. ಎಡಗೈ ಅಂಗೈ ಮೇಲಾಗಿ ಇಕ್ಕಳದ ಕೆಳಗಿರುತ್ತಿತ್ತು. ಭಾರ ಹೊರುವುದು ಆ ಎಡಗೈ. ಒಂದು ದಿನ ಅಚ್ಚು ಉರುಳಿ ಅದರ ಮೇಲೆಯೇ ಬಿತ್ತು. ಮುಂಗೈ ಮುರಿಯಿತು.

ಎಲುಬು ಕಟ್ಟುವ ವೈದ್ಯ ಬಂದ. ಎಳೆದು ಕೂಡಿಸಿದ. ಉದ್ದಿನ ಹಿಟ್ಟನ್ನು ಮೊಟ್ಟೆಯ ಬಿಳಿಯಲ್ಲಿ ಕಲಸಿ, ಬಟ್ಟೆಗೆ ಬಳಿದು ಸುತ್ತಿದ. ನಾಲ್ಕು ಬಿದಿರಿನ ದಬ್ಬೆಗಳನ್ನಿಟ್ಟು ಕಟ್ಟಿದ. ಅಂಗೈ ಆಕಾಶ ನೋಡುವಂತೆ ಕೈಯನ್ನು ನಿಲ್ಲಿಸಿ ಹೇಳಿದ:

“ಮುಂಗೈಯಲ್ಲಿ ಎಲುಬು ಎರಡು. ಒಂದು ನಿಂತಿರುತ್ತದೆ, ಇನ್ನೊಂದು ಅದರ ಮೇಲೆ ಹೊರಳುತ್ತದೆ. ಅಂಗೈ ಮೇಲಾಗಿದ್ದರೆ ಎರಡೂ ದೂರ ಇರುತ್ತವೆ. ಕೆಳಗಾದರೆ ಒಂದನ್ನೊಂದು ದಾಟುತ್ತವೆ, ಅಲ್ಲೇ ಅಂಟಿಕೊಳ್ಳುತ್ತವೆ. ನಲವತ್ತು ದಿನ ಹೀಗೇ ಇರಬೇಕು. ಕಟ್ಟಿದವನು ನಾನು, ಬಿಚ್ಚುವವನೂ ನಾನೇ. ಹತ್ತನೆಯ ದಿನ ಬಂದು ನೋಡುತ್ತೇನೆ.”

ಆ ಊರಿನಲ್ಲಿ ಒಂದು ವಾಡಿಕೆಯಿತ್ತು. ನೋವಿನಲ್ಲಿರುವವರನ್ನು ನೋಡಲು ಹೋದವರು ಅವರಿಗಾಗಿ ಏನಾದರೊಂದು ಮಾಡಿಯೇ ಏಳಬೇಕು. ಸುಮ್ಮನೆ ಕುಳಿತು ಎದ್ದು ಬಂದರೆ ಮನೆಯವರಿಗೆ ಅವಮಾನ.

ಎರಡನೆಯ ದಿನ ಅಕ್ಕ ಬಂದಳು. ಜಗಲಿಯ ಮೇಲೆ ಅಂಗೈ ಒಡ್ಡಿ ಕುಳಿತಿದ್ದ ತಮ್ಮನನ್ನು ಕಂಡಳು.

“ಇದೇನೋ ನಿನ್ನ ಅವತಾರ? ಒಂದು ಹಿಡಿ ಜೋಳ ಹಾಕಿ ಮುಂದಿನ ಮನೆಗೆ ಹೋಗು ಅನ್ನಲೇ?” ಎಂದಳು. “ನಮ್ಮ ಮನೆತನದಲ್ಲಿ ಯಾರೂ ಕೈಚಾಚಿದವರಲ್ಲ.”

ಅವಳು ಗಂಟುಗಳನ್ನು ಸಡಿಲಿಸಿ ಅಂಗೈಯನ್ನು ತುಸು ಒಳಕ್ಕೆ ತಿರುಗಿಸಿದಳು. ಕಂಚುಗಾರನಿಗೆ ಹಾಯೆನಿಸಿತು. ಐದನೆಯ ದಿನ ಮಾವ ಬಂದ. ದಾರಿಹೋಕರ ಎದುರು ಅಳಿಯ ಹಾಗೆ ಕುಳಿತಿರುವುದನ್ನು ಅವನೂ ಸಹಿಸಲಿಲ್ಲ. ಇನ್ನಷ್ಟು ತಿರುಗಿಸಿದ. ಎಂಟನೆಯ ದಿನ ಅಕ್ಕ ಮತ್ತೆ ಬಂದಳು. ಅಂಗೈ ನೆಲವನ್ನು ನೋಡಿತು. ಅವಳು ದಬ್ಬೆಗಳನ್ನು ಅಚ್ಚುಕಟ್ಟಾಗಿ ಬಿಗಿದು ಕಟ್ಟಿದಳು.

ವೈದ್ಯ ಹತ್ತನೆಯ ದಿನ ಬರಲಿಲ್ಲ. ನಲವತ್ತನೆಯ ದಿನ ಬಂದ. ಕಟ್ಟು ಬಿಚ್ಚಿ, ಅಂಗೈ ಮೇಲೆ ಮಾಡು ಎಂದ. ಕಂಚುಗಾರ ಭುಜವನ್ನೆತ್ತಿದ. ಮೈಯನ್ನೇ ಓರೆ ಮಾಡಿದ. ಅಂಗೈ ನೆಲವನ್ನೇ ನೋಡುತ್ತಿತ್ತು.

ಎಲುಬು ತನ್ನ ಕೆಲಸದಲ್ಲಿ ಎಳ್ಳಷ್ಟೂ ತಪ್ಪಿರಲಿಲ್ಲ. ಮುರಿದ ಜಾಗದಲ್ಲಿ ಮೊದಲು ರಕ್ತ ಹೆಪ್ಪುಗಟ್ಟಿತ್ತು. ಅಲ್ಲಿ ಕಿವಿಯ ಅಂಚಿನಂತಹ ಮೆತ್ತನೆಯ ಗಂಟು ಬೆಳೆದಿತ್ತು. ಗಂಟಿನೊಳಗೆ ಸುಣ್ಣ ಕೂಡಿ ಗಡುಸಾಗತೊಡಗಿತ್ತು. ಎಲುಬಿಗೆ ಕೂಡಿಕೊಳ್ಳುವುದು ಗೊತ್ತು. ನೇರ ಯಾವುದೆಂದು ಗೊತ್ತಿಲ್ಲ. ಅದನ್ನು ಬಲ್ಲವರು ಹಿಡಿದು ನಿಲ್ಲಿಸಬೇಕು.

“ತಿರುಗಿಸಿದವರು ಯಾರು?” ಎಂದು ವೈದ್ಯ ಕೇಳಿದ.

“ನಾನು. ಅವನ ಮಾವನೂ ಒಂದು ಸಲ” ಎಂದಳು ಅಕ್ಕ. “ನೋಡಲಾಗಲಿಲ್ಲ.”

ವೈದ್ಯ ಕಂಚುಗಾರನ ಕಡೆಗೆ ತಿರುಗಿದ.

“ಗಂಟು ಇನ್ನೂ ಹಸಿಯಾಗಿದೆ. ಇಂದು ಮುರಿದರೆ ಮುರಿಯುತ್ತದೆ. ಇನ್ನೆರಡು ತಿಂಗಳು ಕಳೆದರೆ ನನ್ನ ಕೈಯಲ್ಲಿ ಆಗದು. ಮುರಿಸಿಕೊಳ್ಳುವೆಯೋ, ಮೂಸೆಯನ್ನು ಬಿಡುವೆಯೋ?”

“ಮುರಿದದ್ದನ್ನೇ ಮತ್ತೆ ಮುರಿಯುತ್ತೀರಾ? ನಿಮಗೆ ಕರುಣೆಯಿಲ್ಲವೇ ವೈದ್ಯರೇ?” ಎಂದ ಕಂಚುಗಾರ.

“ಕರುಣೆಯುಳ್ಳವರು ಆಗಲೇ ನಿನ್ನನ್ನು ನೋಡಿಕೊಂಡು ಹೋಗಿದ್ದಾರೆ. ನನ್ನಲ್ಲಿರುವುದು ಸಿಟ್ಟು. ಹತ್ತನೆಯ ದಿನ ಬರುತ್ತೇನೆಂದವನು ನಾನು ಬರಲಿಲ್ಲ. ಆ ಸಿಟ್ಟಿನಲ್ಲಿ ಅರ್ಧ ನನ್ನ ಮೇಲೆಯೇ. ಬೇಗ ಹೇಳು.”

ಅಂಗಳದಲ್ಲಿ ಎರಕ ಹೊಯ್ಯದ ಒಂದು ಗಂಟೆಯ ಅಚ್ಚು ಒಣಗಿ ಬಿರುಕುಬಿಡುತ್ತಿತ್ತು. ಕಂಚುಗಾರ ಅದನ್ನು ನೋಡಿದ. ಕೈಯನ್ನು ಮಣೆಯ ಮೇಲಿಟ್ಟ.

ಅಕ್ಕ ಸೆರಗಿನಿಂದ ಕಿವಿ ಮುಚ್ಚಿಕೊಂಡು ಹೊರಗೆ ಹೊರಟಳು.

“ಎಲ್ಲಿಗೆ ತಾಯೀ?” ಎಂದ ವೈದ್ಯ. “ನೋಡಲು ಬಂದವರು ಏನಾದರೊಂದು ಮಾಡಿ ಹೋಗಬೇಕಲ್ಲವೇ? ಹೆಗಲು ಹಿಡಿಯಬೇಕು. ಇಬ್ಬರು ಬೇಕು. ಮಾವನನ್ನೂ ಕರೆಸಿ.”

ಮಾವ ಬರುವವರೆಗೆ ವೈದ್ಯ ಎಲುಬನ್ನು ಮುಟ್ಟಲಿಲ್ಲ. ಬಂದ ಮೇಲೆ ಒಬ್ಬೊಬ್ಬರನ್ನು ಒಂದೊಂದು ಕಡೆ ಕೂರಿಸಿದ. ಕಿವಿ ಮುಚ್ಚಿದ್ದ ಸೆರಗನ್ನು ತೆಗೆಯಲು ಅಕ್ಕನಿಗೆ ಹೇಳಿದ. ಎಲುಬು ಮುರಿದ ಸದ್ದನ್ನು ಇಬ್ಬರೂ ಹತ್ತಿರದಿಂದ ಕೇಳಿದರು.

ಎರಡನೆಯ ಕಟ್ಟು ಕಟ್ಟಿದ್ದಾಯಿತು. ಅಂಗೈ ಆಕಾಶ ನೋಡಿತು. ವೈದ್ಯ ಈ ಬಾರಿ ಹತ್ತು ದಿನಕ್ಕೊಮ್ಮೆ ಬಂದ. ನಲವತ್ತು ದಿನವೂ ಅಕ್ಕ ಜಗಲಿಯ ಮೇಲೆ ತಮ್ಮನ ಪಕ್ಕದಲ್ಲಿ ಕುಳಿತಳು. ತಾನು ಮುಟ್ಟಲಿಲ್ಲ, ಬಂದವರನ್ನೂ ಮುಟ್ಟಗೊಡಲಿಲ್ಲ. ಅರ್ಧ ವರ್ಷ ಕಳೆದ ಮೇಲೆ ಕಂಚುಗಾರ ಮೂಸೆ ಹಿಡಿದ. ಭಾರ ಹೊತ್ತಂತೆ ಎಲುಬು ಬಲಿಯಿತು. ಮೇಲೆ ಉಬ್ಬಿದ್ದ ಗಂಟು ವರ್ಷದೊಳಗೆ ಸವೆದು ಸಮವಾಯಿತು.

ಗುರುಗಳು ನಿಲ್ಲಿಸಿದರು.

“ವೈದ್ಯ ಮಾಡಿದ್ದು ಸರಿಯೇ ಇರಬಹುದು” ಎಂದ ನಿರ್ವಾಣಯ್ಯ. “ಆದರೆ ನೋವು ತಿಂದವನ ಹೆಗಲನ್ನು ಅಕ್ಕನ ಕೈಯಿಂದಲೇ ಹಿಡಿಸಬೇಕಿತ್ತೇ? ಪ್ರೀತಿಯಿಂದ ಮಾಡಿದವಳಿಗೆ ಆ ಶಿಕ್ಷೆ ಏಕೆ?”

“ಸಾಲಿನಲ್ಲಿ ಎಲ್ಲರೂ ಒಟ್ಟಿಗೆ ಓದುವಾಗ ಅಡವೀಶ ತಡವರಿಸಿದಲ್ಲೆಲ್ಲ ದನಿಯೇರಿಸಿ, ಅದು ನನ್ನ ಕಿವಿಗೆ ಬೀಳದಂತೆ ಆರು ವರ್ಷ ಮುಚ್ಚಿದವನು ನೀನು. ನಾಳೆ ಮುಂಜಾನೆ ಮೊದಲ ಪಾಠಕ್ಕೆ ಅವನ ಪಕ್ಕದಲ್ಲಿ ನೀನೂ ಕೂರು.”