ಶಂಖದೊಳಗಿನ ಮೋಟುಬೀಡಿ

ಬಿಟ್ಟ ಮೇಲೆ ಬರುವುದು, ಬಂದ ಮೇಲೆ ಸುಡುವುದು, ಸುಟ್ಟರೂ ಹೊಗೆ ಏಳದ್ದು. ಏನು, ಹೇಳಿ?

ಸುಣ್ಣ ಅಂದವರು ಎತ್ತಿದ ಕೈ ಇಳಿಸಿ. ಸುಣ್ಣ ಸುಡುತ್ತದೆ ನಿಜ, ಆದರೆ ಏನನ್ನೋ ಬಿಟ್ಟರೆ ಬರುವಂಥದ್ದಲ್ಲ. ಜ್ವರ ಅಂದವರು ಓಣಿಯವರೆಗೂ ಬಂದಿರಿ, ಮನೆ ಸಿಗಲಿಲ್ಲ. ಬೇಜಾರು ಬೇಡ, ಈ ಒಗಟು ಕೂತಲ್ಲೇ ಬಿಡಿಸುವಂಥದ್ದಲ್ಲ. ಇದನ್ನು ಕೇಳಿದವರು ಪೂಜ್ಯ ಸುಣ್ಣದಮ್ಮನವರು. ಬಿಡಿಸಿದವನು ಒಬ್ಬ ದಾಸಯ್ಯ. ಅವನೂ ತಲೆಯಿಂದ ಬಿಡಿಸಲಿಲ್ಲ, ಮೂಗಿನಿಂದ ಬಿಡಿಸಿದ.

ಅಮ್ಮನವರು ಮಠದಲ್ಲಿದ್ದವರಲ್ಲ. ಕಾವೇರಿಯ ದಡದ ಚಿಪ್ಪನಹುಂಡಿಯಲ್ಲಿ ಸುಣ್ಣದ ಗೂಡಿನ ಪಕ್ಕ ಒಂದು ಸೋಗೆ ಚಪ್ಪರ, ಅದೇ ಅವರ ಆಶ್ರಮ. ಹೊಳೆಯ ಕಪ್ಪೆಚಿಪ್ಪು ಆರಿಸಿ ತಂದು, ಇದ್ದಲಿನ ಜೊತೆ ಗೂಡಿಗೆ ತುಂಬಿ ಬೇಯಿಸಿ, ನೀರು ಹೊಯ್ದು ಅರಳಿಸಿ ಸುಣ್ಣ ಮಾಡುವುದು ಅವರ ಮನೆತನದ ಕಸುಬು. ದರ್ಶನಕ್ಕೆ ಜನ ಬರತೊಡಗಿದ ಮೇಲೂ ಅವರು ಕಸುಬು ಬಿಡಲಿಲ್ಲ. ಮೈಮೇಲೆ ಕಾವಿಯಿಲ್ಲ, ಧೂಳು ಕೂತು ಕೂತು ತಾನಾಗಿಯೇ ಬೆಳ್ಳಗಾದ ಹತ್ತಿ ಸೀರೆ. ಪಾದ ಹಿಡಿಯಲು ಯಾರಾದರೂ ಬಗ್ಗಿದರೆ ಅವರ ಕೈಗೆ ಮೊರ ಕೊಟ್ಟು, "ಬಗ್ಗಿದ್ದು ಬಗ್ಗಿದ್ದೀಯ, ವಸಿ ಚಿಪ್ಪು ಕೇರ್ಬುಡು ಮಗ" ಎನ್ನುತ್ತಿದ್ದರು. ಭಕ್ತಿ ಜಾಸ್ತಿ ಇದ್ದವರಿಗೆ ಸಂಜೆ ಹೊತ್ತಿಗೆ ಸೊಂಟ ಹಿಡಿಯುತ್ತಿತ್ತು.

ಆ ಸೀಮೆಯಲ್ಲಿ ಒಂದು ಪದ್ಧತಿ ಇತ್ತು. ಒಡೆದ ಶಂಖವನ್ನು ತಿಪ್ಪೆಗೆ ಎಸೆಯುವಂತಿಲ್ಲ. ತಂದು ಸುಣ್ಣದ ಗೂಡಿಗೆ ಒಪ್ಪಿಸಬೇಕು, ಬೆಂದು ಬಂದ ಸುಣ್ಣವನ್ನು ಗುಡಿಯ ಗೋಡೆಗೆ ಬಳಿಯಬೇಕು. ಹಾಗೆ ಒಂದು ಬೆಳಿಗ್ಗೆ ಪಕ್ಕದ ಅರಳಕೊಪ್ಪಲಿನ ಬೆಟ್ಟದಾಸಯ್ಯ ತನ್ನ ಶಂಖವನ್ನು ವಲ್ಲಿಯಲ್ಲಿ ಸುತ್ತಿಕೊಂಡು ಬಂದ. ದಡದ ಏರು ಹತ್ತುವಷ್ಟರಲ್ಲಿ ಎರಡು ಕಡೆ ಕೂತ. ಮೇಲೆ ಬಂದವನು ಮೊದಲು ಕೆಮ್ಮಿದ, ಆಮೇಲೆ ನಮಸ್ಕಾರ ಮಾಡಿದ.

"ಒಡೆದೋಗದೆ ತಾಯಿ. ಸುಟ್ಬುಡಿ."

ಅದು ಸುಳ್ಳು. ಸುಳ್ಳು ಅಂತ ಅವನಿಗೂ ಪೂರ್ತಿ ಗೊತ್ತಿರಲಿಲ್ಲ, ಅಷ್ಟು ದಿನದಿಂದ ಅದನ್ನೇ ಹೇಳಿಕೊಂಡು ಬಂದಿದ್ದ.

ಶ್ರಾವಣದ ಶನಿವಾರಗಳಲ್ಲಿ ಮನೆಮನೆಯ ಮುಂದೆ, ಮದುವೆಗೆ, ಸಾವಿಗೆ ಶಂಖ ಊದಿ ಜಾಗಟೆ ಬಡಿಯುವುದು ದಾಸಯ್ಯನ ಕುಲದ ಕೆಲಸ. ಸತ್ತವರ ಮುಂದೆ ಶಂಖ ಕೂಗದಿದ್ದರೆ ಜೀವಕ್ಕೆ ದಾರಿ ಕಾಣುವುದಿಲ್ಲ ಅಂತ ಅವನ ಕಡೆಯವರ ನಂಬಿಕೆ. ಅವನ ಹೆಂಡತಿ ಲಕ್ಕಮ್ಮ ಬದುಕಿನಲ್ಲಿ ಅವನನ್ನು ಸೀರೆ ಕೇಳಿದವಳಲ್ಲ, ಓಲೆ ಕೇಳಿದವಳಲ್ಲ. "ಊರೋರ್ಗೆಲ್ಲ ಊದ್ತೀಯ. ನನ್ ಮಣ್ಣಿಗೂ ನೀನೇ ಊದ್ಬೇಕು ಕನಾ. ಬ್ಯಾರೆ ದಾಸಯ್ಯನ್ನ ಕರ್ಕಂಬಂದ್ರೆ ಎದ್ದು ಕೂತ್ಕತೀನಿ ನೋಡು" ಎಂದು ನಗುತ್ತಿದ್ದಳು. ಅವನೂ ಬೀಡಿ ಕಚ್ಚಿಕೊಂಡೇ ನಕ್ಕು, "ನಿನ್ಗಿಂತ ಮುಂಚೆ ನಾನೇ ಓಯ್ತೀನಿ ಬುಡು" ಎನ್ನುತ್ತಿದ್ದ.

ಹೋದವಳು ಅವಳು, ಮಳೆಗಾಲದ ಜ್ವರದಲ್ಲಿ. ಚಟ್ಟ ಎತ್ತುವ ಹೊತ್ತಿಗೆ ಎಲ್ಲರೂ ಅವನ ಕಡೆ ನೋಡಿದರು. ಬೆಟ್ಟದಾಸಯ್ಯ ಶಂಖ ತುಟಿಗಿಟ್ಟು, ಇದ್ದ ಉಸಿರನ್ನೆಲ್ಲ ಕೂಡಿಸಿ ಊದಿದ. ಸೈಕಲ್ ಚಕ್ರಕ್ಕೆ ಮುಳ್ಳು ಚುಚ್ಚಿದಂತೆ ಪುಸ್ಸ್ ಅಂದಿತು. ಅಳುತ್ತಿದ್ದ ಹೆಂಗಸರು ಅಳು ನಿಲ್ಲಿಸಿ ತಿರುಗಿ ನೋಡಿದರು. ಮತ್ತೆ ಊದಿದ. ಕೆಮ್ಮು ಬಂತು, ಕಣ್ಣಿಗೆ ಕತ್ತಲೆ ಬಂತು, ನಾದ ಬರಲಿಲ್ಲ. "ಶಂಖ ಒಡೆದದೆ, ಶಂಖ ಒಡೆದದೆ" ಅಂದ. ಬಾಮೈದ ಬರೀ ಜಾಗಟೆ ಬಡಿದ. ಲಕ್ಕಮ್ಮ ಎದ್ದು ಕೂರಲಿಲ್ಲ, ಸುಮ್ಮನೆ ಹೋದಳು.

ಈಗ ಅಮ್ಮನವರು ಶಂಖವನ್ನು ತೆಗೆದುಕೊಂಡು ಬಿಸಿಲಿಗೆ ಹಿಡಿದು ಸುತ್ತಲೂ ನೋಡಿದರು. ಬೆರಳಿನಿಂದ ಸವರಿದರು. ಎಲ್ಲಿಯೂ ಬಿರುಕಿರಲಿಲ್ಲ. ಕಿವಿಯ ಹತ್ತಿರ ಅಲ್ಲಾಡಿಸಿದರು. ಒಳಗೇನೋ ಗಲಗಲ ಅಂದಿತು. ಕವುಚಿ ಹಿಡಿದು ಒಮ್ಮೆ ತಟ್ಟಿದಾಗ ಅಮ್ಮನವರ ಮಡಿಲಿಗೆ ಒಂದು ಮೋಟುಬೀಡಿ ಬಿತ್ತು.

ದಾಸಯ್ಯನಿಗೆ ನಾಚಿಕೆಯಾಗಬೇಕಿತ್ತು, ಖುಷಿಯಾಯಿತು! ಊರೂರು ತಿರುಗುವಾಗ ಬೀಡಿ ನೆನೆಯದಿರಲಿ ಅಂತ ಅವನು ಶಂಖದೊಳಗೇ ಇಟ್ಟುಕೊಳ್ಳುತ್ತಿದ್ದ. ದೇವರ ಜಾಗ, ಯಾರೂ ಕೈ ಹಾಕುವುದಿಲ್ಲ. ಅದಕ್ಕಿಂತ ಭದ್ರವಾದ ಬೀಡಿಪೆಟ್ಟಿಗೆ ಇಡೀ ತಾಲ್ಲೂಕಿನಲ್ಲಿ ಇರಲಿಲ್ಲ.

"ಅಂಗಾದ್ರೆ ಇದೇ ಅಡ್ಡ ಸಿಕ್ಕಂಡಿತ್ತು! ನನ್ನುಸ್ರಲ್ಲ ತಾಯಿ, ಈ ಬಡ್ಡಿಮಗಂದು ಬೀಡಿ!"

ಅಮ್ಮನವರು ಕೊಡದ ನೀರಿನಿಂದ ಶಂಖವನ್ನು ಒಳಗೂ ಹೊರಗೂ ತೊಳೆದು, ಸೆರಗಿನಿಂದ ಒರೆಸಿ, ಅವನ ಕೈಗೆ ಕೊಟ್ಟರು. ಅವನು ಎದ್ದು ನಿಂತು, ಹೊಳೆಯ ಕಡೆ ತಿರುಗಿ, ಎದೆ ಉಬ್ಬಿಸಿ ಊದಿದ.

ಪುಸ್ಸ್.

ಚಿಪ್ಪು ಕೇರುತ್ತಿದ್ದ ಭಕ್ತರು ತಲೆ ತಗ್ಗಿಸಿದರು. ಅಮ್ಮನವರು ಶಂಖವನ್ನು ವಾಪಸು ಇಸಿದುಕೊಂಡು ತಾವೇ ತುಟಿಗಿಟ್ಟರು. ಹಲ್ಲಿಲ್ಲದ ಬಾಯಿ, ಒಣಗಿದ ಮೈ. ಆದರೂ ಶಂಖ ಕೂಗಿತು. ದೊಡ್ಡದಾಗಿ ಅಲ್ಲ, ಹಸು ಕರುವನ್ನು ಕರೆದಷ್ಟು. ಕೂಗಿದ್ದು ಕೂಗಿತು.

ದಾಸಯ್ಯನಿಗೆ ಸಿಟ್ಟು ಬಂತು. ಸೋತವನಿಗೆ ಮೊದಲು ಬರುವುದು ಅದೇ.

"ನೀವೂ ದಿನಾ ಗೂಡಿನ್ ವಗೆ ಕುಡಿಯಕಿಲ್ವಾ? ನಿಮ್ಗೇನೂ ಆಗ್ನಿಲ್ವಲ್ಲ! ನನ್ ಬೀಡಿಯೇ ಕಣ್ಣಿಗ್ ಬಿತ್ತಾ?"

ಅಮ್ಮನವರು ನಕ್ಕರು. "ನಾನು ಗಾಳಿ ಬರೋ ಕಡೆ ಕೂರ್ತೀನಿ ಮಗ. ವಗೆ ನನ್ ಕಡೆ ತಿರುಗುದ್ರೆ ಎದ್ದು ಆ ಕಡೆ ಓಯ್ತೀನಿ. ನೀನು ವಗೇನ ಬಾಯಿಗಿಟ್ಕಂಡು ಕರಕಂಬತ್ತೀಯ."

ದಾಸಯ್ಯನ ಸಿಟ್ಟು ಅಲ್ಲಿಗೆ ಇಳಿಯಿತು. ನೆಲದ ಮೇಲೆ ಕುಸಿದು ಕೂತ. ಲಕ್ಕಮ್ಮನ ವರ್ಷದ ಎಡೆ ದೂರವಿದೆ, ಆ ಹೊತ್ತಿಗಾದರೂ ಒಂದೇ ಒಂದು ಸಲ ಅವಳ ಮಣ್ಣಿನ ಮುಂದೆ ಊದಬೇಕು, ಅದಾದ ಮೇಲೆ ಉಸಿರು ಹೋದರೂ ಹೋಗಲಿ ಅಂದ.

"ಶಂಖ ನೆಟ್ಟಗದೆ," ಎಂದರು ಅಮ್ಮನವರು. "ಸುಟ್ಟಿದ್ದು ಸಾಕು."

"ಬೀಡಿ ಬುಟ್ರೆ ಏನ್ ಬತ್ತದೆ ತಾಯಿ? ಉಸ್ರು ಬತ್ತದಾ?"

ಅದಕ್ಕೆ ಅಮ್ಮನವರು ಹೌದು ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ. ಒಗಟು ಹೇಳಿದರು. ಬಿಟ್ಟ ಮೇಲೆ ಬರುವುದು, ಬಂದ ಮೇಲೆ ಸುಡುವುದು, ಸುಟ್ಟರೂ ಹೊಗೆ ಏಳದ್ದು. ದಾಸಯ್ಯನಿಗೆ ತಿಳಿಯಲಿಲ್ಲ. ಶಂಖವನ್ನು ಅಲ್ಲೇ ಚಪ್ಪರದ ಗೂಟಕ್ಕೆ ತೂಗುಹಾಕಿ, ಬೀಡಿ ಕಟ್ಟನ್ನು ಹೊಳೆಗೆ ಎಸೆದು, ಆಶ್ರಮದಲ್ಲೇ ಉಳಿದ.

ಈಗ ಪವಾಡವಾಗಬೇಕು, ಅಲ್ಲವೇ? ಅಮ್ಮನವರು ತಲೆ ಸವರಿದರು, ಎದೆ ಕಲ್ಯಾಣಿಯ ಹಾಗೆ ತಿಳಿಯಾಯಿತು ಅಂತ? ಹಾಗೇನೂ ಆಗಲಿಲ್ಲ. ಬಿಟ್ಟ ಮೇಲೆ ಅವನ ಕೆಮ್ಮು ಹೆಚ್ಚಾಯಿತು. ಕರ್ರಗಿನ ಕಫ ಬಿತ್ತು. ಕೈ ನಡುಗಿತು, ನಿದ್ದೆ ಹೋಯಿತು, ಬಂದವರ ಮೇಲೆಲ್ಲ ರೇಗಿದ. "ಬುಟ್ಟಿದ್ಕೇ ಇಂಗಾಯ್ತು, ಸೇದ್ತಿದ್ದಾಗ್ಲೇ ಚೆಂದಾಗಿದ್ದೆ" ಎಂದು ಗೊಣಗಿದ. ಅಮ್ಮನವರು ಶುಂಠಿ ಹಾಕಿ ಕಾಯಿಸಿದ ನೀರು ಕೊಟ್ಟು, "ಕಸ ಗುಡಿಸ್ದಾಗ ಧೂಳು ಏಳ್ದೆ ಇದ್ದದಾ?" ಎಂದರು. ದಿನಾ ಬೆಳಿಗ್ಗೆ ದಡದ ಏರನ್ನು ಇಳಿಸಿ ಹತ್ತಿಸಿದರು. ಗಾಳಿ ಬರುವ ಕಡೆಯೇ ಕೂರಿಸಿ ಚಿಪ್ಪು ಆರಿಸಲು ಹಚ್ಚಿದರು. ಆಮೇಲೆ ಒಣಗಿದ ಪರಂಗಿ ಎಲೆಯ ದಂಟೊಂದನ್ನು ಕೊಟ್ಟು, ಬಾಯಿ ಬೀಡಿ ಕೇಳಿದಾಗೆಲ್ಲ ಅದನ್ನು ಕಚ್ಚಿಕೊಂಡು ಮಡಕೆಯ ನೀರಿನೊಳಗೆ ಗುಳುಗುಳು ಊದು ಎಂದರು. ನರೆತ ಮೀಸೆಯ ದಾಸಯ್ಯ ಮಡಕೆ ಮುಂದೆ ಕೂತು ಗುಳ್ಳೆ ಬಿಡುವುದನ್ನು ನೋಡಲು ಬಟ್ಟೆ ಒಗೆಯುವ ಹೆಂಗಸರು ಬಂಡೆ ಬಿಟ್ಟು ಬಂದರು.

"ದಾಸಯ್ಯಾರೆ, ಮುದ್ದೆಗೆ ಎಸರಿಕ್ಕಿದ್ದೀರಾ?"

"ಊಂ ಕನವ್ವ, ಉಣ್ಣಕ್ ಬಾ," ಅಂದು ಮತ್ತೆ ಊದಿದ. ಮೊದಮೊದಲು ನಾಲ್ಕು ಗುಳ್ಳೆಗೆ ಏದುಸಿರು. ಬರಬರುತ್ತಾ ಗುಳುಗುಳು ಉದ್ದವಾಯಿತು.

ಒಂದು ಸಲ ತಪ್ಪಿದ. ಸಂತೆಯಲ್ಲಿ ಹಳೆಯ ಗೆಳೆಯನೊಬ್ಬ "ಒಂದಕ್ಕೇನಾಯ್ತದೆ ತಗಳಯ್ಯ" ಅಂದ. ಒಂದಕ್ಕೆ ಏನೂ ಆಗುವುದಿಲ್ಲ, ಇನ್ನೊಂದನ್ನು ಕರೆಯುತ್ತದೆ ಅಷ್ಟೇ. ಇನ್ನೊಂದನ್ನು ಕಿವಿಯ ಸಂದಿಗೆ ಸಿಕ್ಕಿಸಿಕೊಂಡು ಬಂದು ಗೂಡಿನ ಹಿಂದೆ ಕದ್ದು ಸೇದಿದ. ಬಾಯಿ ಮುಕ್ಕಳಿಸಿ, ವೀಳ್ಯದೆಲೆ ಜಗಿದು, ಸಾಧುವಿನಂತೆ ಮುಖ ಮಾಡಿಕೊಂಡು ಅಮ್ಮನವರ ಪಕ್ಕ ಕೂತ. ಅಮ್ಮನವರು ಮೊರ ಎತ್ತಿಕೊಂಡು ಎದ್ದರು. ನಿಧಾನವಾಗಿ ನಡೆದು, ಗಾಳಿ ಬರುವ ಆ ಕಡೆಗೆ ಹೋಗಿ ಕುಳಿತರು.

ಹೀಗೆ ಎದ್ದು ಹೋಗುವುದನ್ನು ದಾಸಯ್ಯ ಹಿಂದೆಯೂ ನೋಡಿದ್ದ. ಲಕ್ಕಮ್ಮ ವರ್ಷಗಟ್ಟಲೆ ತನ್ನ ಚಾಪೆಯನ್ನು ಸುತ್ತಿಕೊಂಡು ಹೊರಗಿನ ಜಗಲಿಗೆ ಹೋಗಿ ಮಲಗುತ್ತಿದ್ದಳು. ಯಾಕೆ ಅಂದರೆ "ಒಳ್ಗೆ ಸೆಕೆ ಕನಾ" ಎನ್ನುತ್ತಿದ್ದಳು. ಮಾಘದ ಚಳಿಯಲ್ಲೂ ಸೆಕೆ ಎನ್ನುತ್ತಿದ್ದಳು. ಅವನು ನಂಬಿದ್ದ. ನಂಬುವುದು ಸುಲಭವಾಗಿತ್ತು, ಒಳಮನೆ ಪೂರ್ತಿ ಅವನಿಗೇ ಸಿಗುತ್ತಿತ್ತು.

ಅಂದಿನಿಂದ ಅವನು ಬೀಡಿ ಮುಟ್ಟಲಿಲ್ಲ.

ಹೀಗಿರಲು ಒಂದು ಬೆಳಿಗ್ಗೆ ದಾಸಯ್ಯ ಏರು ಹತ್ತುತ್ತಾ ಥಟ್ಟನೆ ನಿಂತ. ಮೂಗಿಗೆ ಏನೋ ಬಡಿಯಿತು. ನೀರಿನ ಪಾಚಿ. ಮತ್ತೊಮ್ಮೆ ಮೂಸಿದ. ಯಾರದೋ ಮನೆಯಲ್ಲಿ ಹುರಿಯುತ್ತಿದ್ದ ಒಣಮೀನು. ಅರಳುತ್ತಿದ್ದ ಸುಣ್ಣದ ಬಿಸಿ ವಾಸನೆ. ಹಾಳು ಬೀಡಿ ತಿಂದು ಹಾಕಿದ್ದ ಮೂಗು, ಹೇಳದೆ ಕೇಳದೆ ವಾಪಸು ಬಂದಿತ್ತು! "ತಾಯೀ, ಮೀನು! ಮೀನಿನ್ ವಾಸ್ನೆ ಬತ್ತಾ ಅದೆ!" ಎಂದು ಕೂಗಿದ. ಜನ ನಕ್ಕರು. ಅವನಿಗೆ ಅಷ್ಟರಲ್ಲಿ ಇನ್ನೊಂದು ಯೋಚನೆ ಬಂದಿತ್ತು. ಹೊಳೆಯದು ಬಂತು, ಮೀನಿನದು ಬಂತು. ಹಾಗಾದರೆ ಅವಳದೂ ಬರಬೇಕಲ್ಲ?

ಏದುಸಿರಿಲ್ಲದೆ ಅರಳಕೊಪ್ಪಲಿನವರೆಗೂ ನಡೆದ. ನಡೆದೆ ಅನ್ನುವುದು ಕೂಡ ಅವನ ಗಮನಕ್ಕೆ ಬರಲಿಲ್ಲ. ಮನೆಯ ಬಾಗಿಲು ತೆಗೆದು, ಪೆಟ್ಟಿಗೆ ತೆಗೆದು, ಮಡಚಿಟ್ಟಿದ್ದ ಲಕ್ಕಮ್ಮನ ಪಚ್ಚೆ ಸೀರೆಯನ್ನು ಎರಡೂ ಕೈಯಲ್ಲಿ ಎತ್ತಿ ಮುಖಕ್ಕೆ ಒತ್ತಿಕೊಂಡ. ಅರಿಶಿನ ಬರುತ್ತದೆ ಅಂದುಕೊಂಡಿದ್ದ. ಹರಳೆಣ್ಣೆ ಬರುತ್ತದೆ ಅಂದುಕೊಂಡಿದ್ದ.

ಬೀಡಿ ಬಂತು.

ಸೆರಗಿನಲ್ಲಿ ಬೀಡಿ, ನೆರಿಗೆಯಲ್ಲಿ ಬೀಡಿ. ಮಡಿಕೆ ಬಿಚ್ಚಿದಷ್ಟೂ ಅದೇ ಹಳಸಿದ ಹೊಗೆ. ಇನ್ನೊಂದು ಸೀರೆ ತೆಗೆದ, ಕುಪ್ಪಸ ತೆಗೆದ, ಅವಳ ಚಾಪೆಯನ್ನೂ ಮೂಸಿದ. ಆ ಮನೆಯಲ್ಲಿ ಲಕ್ಕಮ್ಮ ಎಲ್ಲಿಯೂ ಇರಲಿಲ್ಲ. ಇದ್ದವನು ಅವನೊಬ್ಬನೇ. ಅವಳು ಬಾಳಿದ್ದು ಇದರಲ್ಲಿ, ಉಂಡದ್ದು ಇದರಲ್ಲಿ, ಜ್ವರ ಬಂದು ಮಲಗಿದ್ದು ಇದೇ ವಾಸನೆಯ ಕಂಬಳಿ ಹೊದ್ದು.

ಒಗಟು ಅಲ್ಲಿ ಬಿಡಿಸಿಕೊಂಡಿತು. ವಾಸನೆ. ಬಿಟ್ಟ ಮೇಲೆ ಬಂದಿತ್ತು, ಬಂದು ಸುಡುತ್ತಿತ್ತು, ಹೊಗೆ ಏಳಲಿಲ್ಲ.

ಸೀರೆಯನ್ನು ಅವುಚಿಕೊಂಡು ಬಂದು ಅಮ್ಮನವರ ಮುಂದೆ ಕೂತು, ಹೆಣದ ಮುಂದೆಯೂ ಅಳದವನು ಅಂದು ಅತ್ತ. "ಅವಳ್ದು ಒಂಚೂರೂ ಉಳ್ಕಂಡಿಲ್ಲ ತಾಯಿ. ಎಲ್ಲಾನೂ ನಾನೇ ಸೇದ್ಬುಟ್ಟೆ."

ಅಮ್ಮನವರು ಅವನ ಬೆನ್ನ ಮೇಲೆ ಕೈಯಿಟ್ಟರು. ಇಷ್ಟೇ ಅಂದರು:

"ಒಗೆದು ಬಿಸ್ಲಿಗೆ ಆಕು ಮಗ. ಅವಳ್ಗೂ ವಸಿ ಗಾಳಿ ಆಡ್ಲಿ."

ದಾಸಯ್ಯ ತಾನೇ ಹೊಳೆಗೆ ಇಳಿದು ಆ ಸೀರೆಯನ್ನು ಒಗೆದ. ಹಿಂಡಿ, ಚಪ್ಪರದ ಗಳಕ್ಕೆ ಹರವಿದ. ಹಸಿರು ಸೀರೆ ಗಾಳಿಗೆ ತುಂಬಿಕೊಂಡು ಎದ್ದಿತು, ಇಳಿಯಿತು, ಮತ್ತೆ ಎದ್ದಿತು. ಉಸಿರಾಡಿದ ಹಾಗೆ. ಅದು ಒಣಗುವವರೆಗೂ ಅವನು ಅಲ್ಲಿಂದ ಏಳಲಿಲ್ಲ.

ವರ್ಷದ ಎಡೆಯ ದಿನ ಬಂತು. ದಾಸಯ್ಯ ಮಿಂದು, ನಾಮವಿಟ್ಟು, ಗೂಟದ ಶಂಖವನ್ನು ಆ ಸೀರೆಯಲ್ಲಿ ಸುತ್ತಿಕೊಂಡು ಲಕ್ಕಮ್ಮನ ಮಣ್ಣಿನ ಹತ್ತಿರ ಹೋದ. ಶಂಖ ತುಟಿಗಿಟ್ಟ. ಮೊದಲು ಪುಸ್ಸ್ ಅಂದಿತು. ಎದೆಗುಂದಲಿಲ್ಲ. ಕಣ್ಣು ಮುಚ್ಚಿ, ಮಡಕೆಯನ್ನು ನೆನೆದು, ಅಮ್ಮನವರನ್ನು ನೆನೆದು ಮತ್ತೆ ಊದಿದ. ಆಗ ಎದ್ದಿತು ನೋಡಿ ನಾದ! ಗದ್ದೆ ದಾಟಿತು, ಹೊಳೆ ದಾಟಿತು, ಮೇಯುತ್ತಿದ್ದ ದನ ತಲೆ ಎತ್ತಿದವು. ಚಿಪ್ಪನಹುಂಡಿಯಲ್ಲಿ ಅಮ್ಮನವರು ಮೊರ ಕೆಳಗಿಟ್ಟು, ಆ ದಿಕ್ಕಿಗೆ ತಿರುಗಿ, ಎರಡೂ ಕೈ ಎತ್ತಿ ಮುಗಿದರು.

ಕೇಳಿದವರೂ ಇಲ್ಲೇ ಕೈ ಮುಗಿಯುತ್ತಾರೆ, ನಾನೂ ಇಲ್ಲೇ ನಿಲ್ಲಿಸಬಹುದಿತ್ತು. ಆದರೆ ಅಮ್ಮನವರ ಹೆಸರಿನ ಮಾತಿನಲ್ಲಿ ಸುಳ್ಳು ಉಳಿಸಿ ಎದ್ದು ಹೋಗಲು ಕಾಲು ಬರುವುದಿಲ್ಲ. ಆ ನಾದ ನಾನು ಹಾಕಿದ್ದು. ದನ ತಲೆ ಎತ್ತಿದ್ದೂ ನಾನೇ ಎತ್ತಿಸಿದ್ದು. ಅಂದು ಆ ಮಣ್ಣಿನ ಹತ್ತಿರ ದಾಸಯ್ಯನೊಬ್ಬನೇ ಇದ್ದ. ಶಂಖ ಕೂಗಿತೋ ಇಲ್ಲವೋ ಕಂಡವರಿಲ್ಲ. ಗದ್ದೆಯಲ್ಲಿದ್ದವರು ಕೇಳಿಸಿತು ಅಂದರು, ಮೀನು ಹಿಡಿಯುವವರು ಅದು ಎಮ್ಮೆ ಅಂದರು. ಅವನನ್ನೇ ಕೇಳಿದರೆ, "ಅವಳ್ಗೆ ಗೊತ್ತು ಬುಡಿ" ಎಂದು ಬದುಕಿರುವವರೆಗೂ ಅಷ್ಟೇ ಹೇಳಿದ.

ಆ ಶಂಖ ಈಗ ಅಮ್ಮನವರ ಗದ್ದುಗೆಯ ಮೇಲೆ, ಮಡಚಿಟ್ಟ ಒಂದು ಪಚ್ಚೆ ಸೀರೆಯ ತುಂಡಿನ ಮೇಲೆ ಇದೆ. ಪೂಜಾರಪ್ಪ ಎಣ್ಣೆ ತರಲು ಒಳಗೆ ಹೋದಾಗ ಅದಕ್ಕೆ ಮೂಗಿಟ್ಟು ನೋಡಿದ್ದುಂಟು, ತಾಯಿ ಮನ್ನಿಸಲಿ. ಬೀಡಿಯ ವಾಸನೆ ಒಂಚೂರೂ ಇಲ್ಲ. ಬಿಸಿಲಿಗೆ ಒಣಗಿದ ಬಟ್ಟೆಯ ವಾಸನೆ ಇದೆ. ಅದನ್ನು ಮಾತ್ರ ನಾನು ಕಟ್ಟಿಲ್ಲ.